ರೈಲಿಗೆ ದುಡ್ಡು ಎಲ್ಲಿಂದ? ದಿವಾನ್ ರಂಗಾಚಾರ್ಲು ಅವರ ಕಥೆ



ಸಾವನದುರ್ಗ ಯಾರಿಗೆ ಗೊತ್ತಿಲ್ಲ ಹೇಳಿ? ಇಂಟರ್ನಲ್ಸ್ ಮುಗಿದ ಮಾರನೇ ದಿನ ಯಾವುದಾದರೂ ಒಂದು ಬ್ರಾಂಚಿನವರು ಅಲ್ಲಿರ್ತಾರೆ. ಸಮುದ್ರ ಮಟ್ಟದಿಂದ 1226 ಮೀಟರ್ ಎತ್ತರದ ಭಾರಿ ಕಲ್ಲಿನ ಬೆಟ್ಟ. ಸಿವಿಲ್‌ನವರು ಈ ಕಲ್ಲನ್ನ ಕ್ಲೋಸ್‌ಪೇಟೆ ಗ್ರಾನೈಟ್ ಅಂತ ಓದಿರ್ತಾರೆ. ಕ್ಲೋಸ್‌ಪೇಟೆ ಅಂದ್ರೆ ರಾಮನಗರದ ಹಳೇ ಹೆಸರು. ಬೆಟ್ಟದ ಮೇಲಿನ ಕೋಟೆ ಮಾಗಡಿ ಕೆಂಪೇಗೌಡರ ವಂಶದವರ ಕೈಯಲ್ಲಿತ್ತು. 1728ರಲ್ಲಿ ಮೈಸೂರಿನವರು ಗೆದ್ದುಕೊಂಡರು. 1791ರ ಡಿಸೆಂಬರ್‌ನಲ್ಲಿ ಟಿಪ್ಪುವಿನ ಸೈನ್ಯದಿಂದ ಇಂಗ್ಲಿಷರ ಕಾರ್ನ್‌ವಾಲಿಸ್ ಕಿತ್ತುಕೊಂಡ.

ಕಾರ್ನ್‌ವಾಲಿಸ್‌ಗೆ ಬೇಕಾಗಿದ್ದದ್ದು ಶ್ರೀರಂಗಪಟ್ಟಣ. ಹಾಗಿದ್ದ ಮೇಲೆ ಕಾಡಿನ ಮಧ್ಯೆ ಇರೋ ಈ ಬೆಟ್ಟಕ್ಕೆ ಯಾಕೆ ಬಂದ? ಕಾರಣ ಸರಳ. ಬೆಂಗಳೂರಿಂದ ಶ್ರೀರಂಗಪಟ್ಟಣಕ್ಕೆ ದವಸ, ಮದ್ದುಗುಂಡು, ಎತ್ತಿನ ಗಾಡಿ ಎಲ್ಲ ಈ ಸೀಮೆ ದಾಟಿಯೇ ಹೋಗಬೇಕಿತ್ತು. ಸಾವನದುರ್ಗದಲ್ಲಿ ಶತ್ರು ಕೂತಿದ್ದರೆ ಹಿಂದಿನ ದಾರಿ ಯಾವಾಗ ಬೇಕಾದ್ರೂ ಕಡಿದುಹೋಗಬಹುದು. ದಾರಿ ನಿಂತರೆ ಸೈನ್ಯವೂ ನಿಲ್ಲುತ್ತೆ.

ಅದಾಗಿ ಸುಮಾರು ತೊಂಬತ್ತು ವರ್ಷದ ಮೇಲೆ, ಬೆಟ್ಟದ ದಕ್ಷಿಣಕ್ಕೆ ಅದೇ ಹಳೇ ದಾರಿಯ ಪಕ್ಕದಲ್ಲಿ ರೈಲು ಹಳಿ ಬಿತ್ತು. ಬಿಡದಿ, ಕ್ಲೋಸ್‌ಪೇಟೆ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಮೈಸೂರು. ಇವತ್ತು ನಮ್ಮ ಎಷ್ಟೋ ಜನ ಸ್ನೇಹಿತರು ದಿನಾ ಓಡಾಡೋ ಲೈನ್ ಅದೇ. ಕೋಟೆಯನ್ನ ಫಿರಂಗಿಯಿಂದ ಗೆಲ್ಲಬಹುದು. ರೈಲಿಗೆ ಮಾತ್ರ ವರ್ಷಾನುವರ್ಷ ದುಡ್ಡು ಬೇಕು. ಆ ದುಡ್ಡಿನ ಪ್ರಶ್ನೆಯನ್ನ ತಲೆ ಮೇಲೆ ಹೊತ್ತವರಲ್ಲಿ ಒಬ್ಬರು ದಿವಾನ್ ಸಿ.ವಿ. ರಂಗಾಚಾರ್ಲು. ಮೈಸೂರಿಗೆ ಹೋದವರು ದೊಡ್ಡ ಗಡಿಯಾರದ ಹತ್ತಿರ ಇರೋ ಟೌನ್ ಹಾಲ್ ನೋಡಿರ್ತೀರಿ. ಆ ಕಟ್ಟಡಕ್ಕೆ ಇರೋದು ಇವರದೇ ಹೆಸರು. ವಿಶ್ವೇಶ್ವರಯ್ಯನವರ ಬಗ್ಗೆ ನಮ್ಮ ಮ್ಯಾಗಜೀನ್‌ನಲ್ಲಿ ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲಿ ಬರೀತಾರೆ. ಈ ಸಲ ಅವರಿಗಿಂತ ಮೂವತ್ತು ವರ್ಷ ಮೊದಲು ದಿವಾನರಾಗಿದ್ದವರ ಬಗ್ಗೆ ಓದೋಣ.

ಗುಮಾಸ್ತರ ಮಗ

ರಂಗಾಚಾರ್ಲು ಹುಟ್ಟಿದ್ದು 1831ರಲ್ಲಿ, ಮದರಾಸು ಪ್ರಾಂತ್ಯದ ಚೆಂಗಲ್ಪಟ್ಟು ಜಿಲ್ಲೆಯಲ್ಲಿ. ತಂದೆ ಕಲೆಕ್ಟರ್ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಅಂಥಾ ಸಿರಿತನ ಏನೂ ಇರಲಿಲ್ಲ. ಮದರಾಸಿನಲ್ಲಿ ಓದಿ, ಹದಿನೆಂಟು ವರ್ಷದ ಆಸುಪಾಸಿನಲ್ಲೇ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿಕೊಂಡರು. ಅಂದ್ರೆ ನಾವು ಸಿಇಟಿ ರ‍್ಯಾಂಕ್ ನೋಡಿಕೊಂಡು ಕೂರೋ ವಯಸ್ಸಲ್ಲಿ ಅವರು ಲೆಕ್ಕದ ಪುಸ್ತಕ ಹಿಡಿದಿದ್ದರು.

ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದರು. ಇನಾಮು ಜಮೀನುಗಳ ದಾಖಲೆ ಪರಿಶೀಲಿಸೋ ಇನಾಂ ಕಮಿಷನ್‌ನಲ್ಲಿ ಕೆಲಸ ಮಾಡಿದರು. ಯಾವ ಜಮೀನು ಯಾರಿಗೆ, ಯಾವ ಸನ್ನದಿನ ಮೇಲೆ, ಎಷ್ಟು ಕಂದಾಯ ಬಿಟ್ಟು ಕೊಟ್ಟಿದ್ದಾರೆ ಅಂತ ಒಂದೊಂದಾಗಿ ಬಿಡಿಸಿ ನೋಡೋ ಕೆಲಸ ಅದು. ಆಮೇಲೆ ಖಜಾನೆ ನೋಡಿಕೊಳ್ಳೋ ಡೆಪ್ಯುಟಿ ಕಲೆಕ್ಟರ್ ಆದರು. ಇಷ್ಟು ವರ್ಷ ಕಲಿತದ್ದು ಒಂದೇ ವಿದ್ಯೆ: ಸರ್ಕಾರಕ್ಕೆ ದುಡ್ಡು ಎಲ್ಲಿಂದ ಬರುತ್ತೆ, ಎಲ್ಲಿ ಸೋರುತ್ತೆ ಅಂತ ನೋಡೋದು.

1868ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಆಗ ಮೈಸೂರು ರಾಜ್ಯದ ಆಡಳಿತ ಬ್ರಿಟಿಷ್ ಕಮಿಷನರ್‌ಗಳ ಕೈಯಲ್ಲಿತ್ತು. ದತ್ತುಪುತ್ರ ಚಾಮರಾಜೇಂದ್ರ ಒಡೆಯರು ಇನ್ನೂ ಪುಟ್ಟ ಬಾಲಕ. ಅರಮನೆಯ ಲೆಕ್ಕಪತ್ರ, ಒಡವೆ, ಸಾಲ, ನೂರಾರು ನೌಕರರು, ಎಲ್ಲವನ್ನೂ ಸರಿ ಮಾಡೋಕೆ ಒಬ್ಬ ಲೆಕ್ಕದ ಮನುಷ್ಯ ಬೇಕಾಗಿತ್ತು. ಹಾಗೆ ಮದರಾಸಿಂದ ಮೈಸೂರಿಗೆ ಬಂದವರು ರಂಗಾಚಾರ್ಲು. ಆಗ ಅವರಿಗೆ ಮೂವತ್ತೇಳು. ಕೆಲ ದಿನದ ಕೆಲಸಕ್ಕೆ ಅಂತ ಕರೆಸಿದ್ದು, ಕೊನೆವರೆಗೂ ಇಲ್ಲೇ ಉಳಿದುಬಿಟ್ಟರು. ಅರಮನೆ ನೋಡಿಕೊಂಡರು, ಆಮೇಲೆ ರಾಜ್ಯದ ಕಂದಾಯದ ಆಡಳಿತಕ್ಕೂ ಬಂದರು. 1874ರಲ್ಲಿ ಬ್ರಿಟಿಷರು ಮೈಸೂರನ್ನು ಆಳುತ್ತಿದ್ದ ರೀತಿಯನ್ನು ಟೀಕಿಸಿ ಒಂದು ಪುಸ್ತಿಕೆಯನ್ನೂ ಬರೆದರು. ಸಂಬಳ ಕೊಡೋರ ಬಗ್ಗೆಯೇ ಹಾಗೆ ಬರೆಯೋಕೆ ಧೈರ್ಯ ಬೇಕು.

ಬರಗಾಲ ಕಲಿಸಿದ ಪಾಠ

1876ರಿಂದ 1878ರವರೆಗೆ ಮೈಸೂರಿಗೆ ಬಂದ ಬರಗಾಲದ ಬಗ್ಗೆ ಹಳೇಕಾಲದವರು ಮಾತಾಡುವಾಗ ದನಿ ತಗ್ಗಿಸುತ್ತಿದ್ದರಂತೆ. ಲೆಕ್ಕ ನೋಡಿದರೆ ಅರ್ಥವಾಗುತ್ತೆ. 1871ರ ಜನಗಣತಿಯಲ್ಲಿ ಮೈಸೂರು ರಾಜ್ಯದ ಜನಸಂಖ್ಯೆ 50,55,412. ಹತ್ತು ವರ್ಷದ ಮೇಲೆ, 1881ರಲ್ಲಿ, 41,86,188. ಹತ್ತು ವರ್ಷದಲ್ಲಿ ಜನಸಂಖ್ಯೆ ಹೆಚ್ಚಾಗಬೇಕಿತ್ತು, ಎಂಟೂವರೆ ಲಕ್ಷಕ್ಕಿಂತ ಜಾಸ್ತಿ ಕಡಿಮೆಯಾಗಿತ್ತು.

ಇಲ್ಲಿ ಸಾರಿಗೆಯ ವಿಷಯ ಬರುತ್ತೆ. ಮದರಾಸಿನ ಕಡೆಯಿಂದ ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು. ಹಾಗಾಗಿ ಹೊರಗಿನ ದವಸ ಬೆಂಗಳೂರುವರೆಗೆ ರೈಲಲ್ಲಿ ಬರುತ್ತಿತ್ತು. ಅಲ್ಲಿಂದ ಮುಂದೆ? ಎತ್ತಿನ ಗಾಡಿ. ಬರಗಾಲದಲ್ಲಿ ಎತ್ತಿಗೂ ಮೇವಿಲ್ಲ, ನೀರಿಲ್ಲ. ಎತ್ತು ಸತ್ತರೆ ಗಾಡಿ ನಿಲ್ಲುತ್ತೆ. ಒಂದು ಕಡೆ ಮೂಟೆ ರಾಶಿ ಬಿದ್ದಿರುತ್ತೆ, ಇನ್ನೊಂದು ಕಡೆ ಜನ ಹಸಿದಿರುತ್ತಾರೆ. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದ್ರೆ ಬಾಟಲ್‌ನೆಕ್. ಆದರೆ ಇಲ್ಲಿ ಕಡಿಮೆ ಆಗಿದ್ದು ನೆಟ್ ಸ್ಪೀಡ್ ಅಲ್ಲ, ಅನ್ನ.

ಬರ ಪರಿಹಾರದ ಕೆಲಸವಾಗಿಯೇ ಬೆಂಗಳೂರು-ಮೈಸೂರು ರೈಲು ಮಾರ್ಗದ ಮಣ್ಣಿನ ಕೆಲಸ ಶುರುವಾಯಿತು. ಹಸಿದು ಬಂದವರಿಗೆ ಕೂಲಿ, ರಾಜ್ಯಕ್ಕೆ ಮಾರ್ಗ. ಇವತ್ತು ನಾವು ಚನ್ನಪಟ್ಟಣ ದಾಟುವಾಗ ಕಿಟಕಿಯಾಚೆ ಕಾಣೋ ಮಣ್ಣಿನ ಏರಿಯ ಕೆಳಗೆ ಆ ಜನರ ಬೆವರಿದೆ. ಅವರಲ್ಲಿ ಒಬ್ಬರ ಹೆಸರೂ ಯಾವ ಟೌನ್ ಹಾಲ್ ಮೇಲೂ ಇಲ್ಲ.

ಖಾಲಿ ಖಜಾನೆಯ ದಿವಾನರು

1881ರ ಮಾರ್ಚ್ 25ರಂದು ಬ್ರಿಟಿಷರು ಮೈಸೂರನ್ನು ಚಾಮರಾಜೇಂದ್ರ ಒಡೆಯರಿಗೆ ವಾಪಸ್ ಕೊಟ್ಟರು. ರಂಗಾಚಾರ್ಲು ದಿವಾನರಾದರು. ಐವತ್ತು ವರ್ಷದ ಮೇಲೆ ರಾಜ್ಯ ಕೈಗೆ ಬಂತು ಅಂತ ಎಲ್ಲರಿಗೂ ಸಂಭ್ರಮ. ಆದರೆ ದಿವಾನರ ಮುಂದಿದ್ದ ಲೆಕ್ಕ ಹೀಗಿತ್ತು. ರಾಜ್ಯದ ವರ್ಷದ ಆದಾಯ ಸುಮಾರು ಒಂದು ಕೋಟಿ ರೂಪಾಯಿ. ಬರಗಾಲದ ಖರ್ಚಿನಿಂದ ಬ್ರಿಟಿಷ್ ಸರ್ಕಾರಕ್ಕೆ ಆಗಿದ್ದ ಸಾಲ 80 ಲಕ್ಷ. ಅದರ ಮೇಲೆ ವರ್ಷಕ್ಕೆ 24.5 ಲಕ್ಷ ಪೊಗದಿ ಬೇರೆ ಕಟ್ಟಬೇಕು. ಅದನ್ನೂ 35 ಲಕ್ಷಕ್ಕೆ ಏರಿಸ್ತೀವಿ ಅಂತ ಬ್ರಿಟಿಷರು ಮೊದಲೇ ಹೇಳಿದ್ದರು, ಬರದ ಕಾರಣಕ್ಕೆ ಸ್ವಲ್ಪ ಕಾಲ ಮುಂದೂಡಿದ್ದರು ಅಷ್ಟೆ. ಬರುವ ಪ್ರತಿ ನಾಲ್ಕು ರೂಪಾಯಿಯಲ್ಲಿ ಒಂದು ರೂಪಾಯಿ ಕಪ್ಪಕ್ಕೇ ಹೋದರೆ ಮನೆ ನಡೆಸೋದು ಹೇಗೆ?

ರಂಗಾಚಾರ್ಲು ಕತ್ತರಿ ಹಿಡಿದರು. ಇಲಾಖೆಗಳ ಖರ್ಚು ಕಡಿಮೆ ಮಾಡಿದರು. ಎಂಟು ಜಿಲ್ಲೆ ಇದ್ದದ್ದನ್ನು ಆರಕ್ಕೆ ಇಳಿಸಿದರು, ಹಾಸನ ಮತ್ತು ಚಿತ್ರದುರ್ಗ ಜಿಲ್ಲೆಗಳನ್ನೇ ತೆಗೆದು ಪಕ್ಕದವಕ್ಕೆ ಸೇರಿಸಿಬಿಟ್ಟರು. ಜನಕ್ಕೆ ಇದರಿಂದ ತೊಂದರೆ ಆಯಿತು, ಕೆಲವೇ ವರ್ಷದಲ್ಲಿ ಮುಂದಿನ ದಿವಾನರು ಆ ಜಿಲ್ಲೆಗಳನ್ನ ಮತ್ತೆ ಮಾಡಬೇಕಾಯಿತು. ಅವರ ಕತ್ತರಿ ಎಲ್ಲ ಕಡೆ ಸರಿಯಾಗೇ ಬಿತ್ತು ಅಂತ ಹೇಳೋಕೆ ಆಗಲ್ಲ.

ಆದರೆ ಒಂದು ಕಡೆ ಕತ್ತರಿ ಆಡಲಿಲ್ಲ. ಅದು ರೈಲು. ದುಡ್ಡಿಲ್ಲದ ಸರ್ಕಾರಗಳು ಮೊದಲು ನಿಲ್ಲಿಸೋದು ಅರ್ಧ ಆಗಿರೋ ಕಾಮಗಾರಿಯನ್ನ. ಇದು ನಮಗೆಲ್ಲ ನೋಡಿ ನೋಡಿ ಅಭ್ಯಾಸ. ಅವರು ನಿಲ್ಲಿಸಲಿಲ್ಲ. 1881ರಲ್ಲಿ ರೈಲು ಚನ್ನಪಟ್ಟಣ ಮುಟ್ಟಿತ್ತು, 1882ರಲ್ಲಿ ಮೈಸೂರಿಗೆ ಹೋಯಿತು. 86 ಮೈಲಿ, ಮೀಟರ್ ಗೇಜ್. ಇದನ್ನ ಕಟ್ಟಿದ್ದು ಬಹುಪಾಲು ರಾಜ್ಯದ ಆಯಾ ವರ್ಷದ ಆದಾಯದಿಂದಲೇ.

ಆಯಾ ವರ್ಷದ ಆದಾಯದಿಂದ ಕಟ್ಟೋದರಲ್ಲಿ ಒಂದು ಅಪಾಯ ಇದೆ. ಮಳೆ ಬಂದರೆ ಕಂದಾಯ, ಕಂದಾಯ ಬಂದರೆ ಹಳಿ. ಮಳೆ ಕೈಕೊಟ್ಟರೆ ಹಳಿಯೂ ನಿಲ್ಲುತ್ತೆ. ಅಂದ್ರೆ ರೈಲು ಯಾವ ವರ್ಷ ತುಂಬಾ ಬೇಕೋ, ಅದೇ ವರ್ಷ ಅದಕ್ಕೆ ದುಡ್ಡಿರಲ್ಲ. ಬರಗಾಲ ನೋಡಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಬೆಂಗಳೂರಿಂದ ತುಮಕೂರು, ತಿಪಟೂರಿನ ಕಡೆಗಿನ ಮಾರ್ಗಕ್ಕೆ ರಂಗಾಚಾರ್ಲು ಬೇರೆ ದಾರಿ ಹಿಡಿದರು. 20 ಲಕ್ಷ ರೂಪಾಯಿ ಸಾರ್ವಜನಿಕ ಸಾಲ ಎತ್ತೋ ಯೋಜನೆ ಮಾಡಿದರು. ರಾಜ್ಯದ ಇಡೀ ವರ್ಷದ ಆದಾಯದ ಐದರಲ್ಲಿ ಒಂದು ಪಾಲು ಅದು. ಈಗಾಗಲೇ 80 ಲಕ್ಷ ಸಾಲ ಇರೋ ರಾಜ್ಯ ಇನ್ನೂ ಸಾಲ ಮಾಡೋದಾ ಅಂತ ಅನ್ನಿಸುತ್ತೆ. ಆದರೆ ಎರಡು ಸಾಲಕ್ಕೂ ವ್ಯತ್ಯಾಸ ಇದೆ. ಬರಗಾಲದ ಸಾಲ ಆಗಿಹೋದ ನಷ್ಟದ್ದು. ರೈಲಿನ ಸಾಲ ಮುಂದಿನ ನಷ್ಟ ತಪ್ಪಿಸೋಕೆ, ಜೊತೆಗೆ ಟಿಕೆಟ್, ಸರಕಿನ ಬಾಡಿಗೆಯಿಂದ ಸ್ವಲ್ಪ ಸ್ವಲ್ಪ ವಾಪಸ್ ಬರೋ ದುಡ್ಡು. ಎಲ್ಲಕ್ಕಿಂತ ಮುಖ್ಯ, ಸಾಲದ ದುಡ್ಡು ಮೊದಲೇ ಕೈಯಲ್ಲಿರುತ್ತೆ, ಮುಂದಿನ ಮಳೆಗೆ ಕಾಯಬೇಕಾಗಿಲ್ಲ.

ರೈತರು, ವ್ಯಾಪಾರಿಗಳು, ಒಂದು ಸಭೆ

ಈಗ ಅವರ ಬದುಕಿನ ಅತಿ ದೊಡ್ಡ ಕೆಲಸಕ್ಕೆ ಬರೋಣ. 1881ರ ಅಕ್ಟೋಬರ್ 7ರಂದು, ದಸರಾ ಸಮಯದಲ್ಲಿ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಸಲ ಸೇರಿತು. 144 ಜನ ಸದಸ್ಯರು. ಇಂಡಿಯಾದ ದೇಶೀಯ ಸಂಸ್ಥಾನಗಳಲ್ಲಿ ಇಂಥದ್ದು ಇದೇ ಮೊದಲು. ದಸರಾಗೆ ಹೇಗೂ ಎಲ್ಲ ಕಡೆಯಿಂದ ಜನ ಬರ್ತಾರೆ, ಅದೇ ಸಮಯಕ್ಕೆ ಸಭೆ ಇಟ್ಟರೆ ಓಡಾಟ ಸುಲಭ ಅನ್ನೋದು ಒಳ್ಳೇ ಲೆಕ್ಕಾಚಾರ.

ಯಾರನ್ನ ಕರೆದರು ಅನ್ನೋದು ನಮ್ಮ ವಿಷಯಕ್ಕೆ ಮುಖ್ಯ. ಪ್ರತಿ ತಾಲ್ಲೂಕಿನಿಂದ ತಿಳಿವಳಿಕೆ ಇರೋ ಒಬ್ಬರು ಇಬ್ಬರು ರೈತರು. ಅದರ ಜೊತೆಗೆ ಪ್ರತಿ ಜಿಲ್ಲೆಯಿಂದ ಮೂರು ನಾಲ್ಕು ಜನ ಪ್ರಮುಖ ವ್ಯಾಪಾರಿಗಳು. ಬೆಳೆಯೋರು ಮತ್ತು ಮಾರೋರು ಒಂದೇ ಕಡೆ ಕೂತರು. ದಿವಾನರು ಅವರ ಮುಂದೆ ವರ್ಷದ ಜಮಾ ಖರ್ಚು ಓದಿ ಹೇಳಿದರು. ರೈಲು ಎಲ್ಲಿವರೆಗೆ ಬಂತು, ಮುಂದೆ ಎಲ್ಲಿಗೆ, ಯಾಕೆ ಅನ್ನೋದೂ ಅದರಲ್ಲಿತ್ತು. ಆಮೇಲೆ ಸದಸ್ಯರು ತಮ್ಮ ತಮ್ಮ ಊರಿನ ಕಷ್ಟ ಹೇಳಬಹುದಿತ್ತು.

ಅಲ್ಲಿವರೆಗೆ ವ್ಯಾಪಾರಿಯೊಬ್ಬ ರಸ್ತೆಯೋ ರೈಲೋ ಬೇಕು ಅಂದ್ರೆ ಅರ್ಜಿ ಬರೆದು ಯಾವುದೋ ಕಚೇರಿಯ ಬಾಗಿಲಲ್ಲಿ ಕಾಯಬೇಕಿತ್ತು. ಸಭೆ ಬಂದ ಮೇಲೆ ಅದೇ ಮಾತನ್ನ ದಿವಾನರ ಎದುರಿಗೆ, ಎಲ್ಲರ ಮುಂದೆ ಹೇಳಬಹುದು. ಮುಂದಿನ ವರ್ಷ ಮತ್ತೆ ಬಂದು ಹೋದ ಸಲ ಹೇಳಿದ್ದು ಏನಾಯ್ತು ಅಂತಲೂ ಕೇಳಬಹುದು. ಸಭೆ ಬೆಳೆದ ಹಾಗೆ ರಸ್ತೆ, ಸೇತುವೆ, ರೈಲು ಮಾರ್ಗದ ಬೇಡಿಕೆಗಳು ಅಲ್ಲಿ ವರ್ಷ ವರ್ಷವೂ ಬರುತ್ತಿದ್ದವು. ನನಗೆ ಅನ್ನಿಸೋದು, ರಂಗಾಚಾರ್ಲು ಅವರ ಜಾಣತನ ಇರೋದು ಇಲ್ಲೇ. ದುಡ್ಡು ಒಂದು ಸಲ ಹೊಂದಿಸೋದು ದಿವಾನರಿಂದ ಆಗುತ್ತೆ. ಆ ದುಡ್ಡು ಪ್ರತಿ ವರ್ಷ ನಿಲ್ಲದ ಹಾಗೆ ನೋಡಿಕೊಳ್ಳೋಕೆ, ಕೇಳೋ ಜನ ಪ್ರತಿ ವರ್ಷ ಬರಬೇಕು.

ಅದೇ ಸಭೆಗಳಲ್ಲಿ ಅವರು ವ್ಯಾಪಾರಿಗಳಿಗೆ ಬೇರೆ ಮಾತೂ ಹೇಳಿದರು. ಬರೀ ಬೇಸಾಯ ನಂಬಿಕೊಂಡರೆ ಒಂದು ಬರ ಸಾಕು ನಾಡು ಮುಳುಗೋಕೆ. ಕೈಗಾರಿಕೆಯೂ ಬೆಳೀಬೇಕು, ಉಳ್ಳವರು ದುಡ್ಡನ್ನ ಅದರಲ್ಲಿ ತೊಡಗಿಸಬೇಕು ಅನ್ನೋದು ಅವರ ನಿಲುವು. ಕೈಗಾರಿಕೆಗೆ ಕಚ್ಚಾ ಮಾಲು ಬರಬೇಕು, ತಯಾರಾದದ್ದು ಹೋಗಬೇಕು. ಹಾಗಾಗಿ ಮಾತು ಮತ್ತೆ ರೈಲಿಗೇ ಬರುತ್ತೆ.

ಇದರ ಮಿತಿಗಳನ್ನೂ ಹೇಳಬೇಕು. ಆ ಸಭೆಗೆ ಚುನಾವಣೆ ಇರಲಿಲ್ಲ. ಸದಸ್ಯರಿಗೆ ಓಟು ಹಾಕಿ ತೀರ್ಮಾನ ಮಾಡೋ ಅಧಿಕಾರವೂ ಇರಲಿಲ್ಲ, ಹೇಳೋದು ಮಾತ್ರ ಅವರ ಕೆಲಸ. ಹೆಂಗಸರಿಲ್ಲ, ಕೂಲಿ ಮಾಡೋರಿಲ್ಲ, ಏರಿ ಹಾಕಿದವರಿಲ್ಲ. ಜೊತೆಗೆ ಮದರಾಸಿನಿಂದ ಬಂದವರೇ ದೊಡ್ಡ ಹುದ್ದೆಗಳಲ್ಲಿ ಇದ್ದಾರೆ ಅಂತ ಮೈಸೂರಿನವರಿಗೆ ಬೇಜಾರು ಇತ್ತು, ರಂಗಾಚಾರ್ಲು ಕೂಡ ಹೊರಗಿನವರೇ. ಉಳ್ಳವರು ಮಾತ್ರ ಕೇಳಿದರೆ ಉಳ್ಳವರ ಊರಿಗೇ ರೈಲು ಹೋಗೋ ಸಾಧ್ಯತೆ ಇರುತ್ತೆ. ಈ ಎಚ್ಚರಿಕೆ ಇವತ್ತಿಗೂ ಬೇಕು.

ಎರಡು ವರ್ಷವೂ ಆಗಲಿಲ್ಲ

1882ರ ದಸರಾದಲ್ಲಿ ಎರಡನೇ ಸಭೆ ನಡೆಯಿತು. ಆಮೇಲೆ ರಂಗಾಚಾರ್ಲು ಆರೋಗ್ಯ ಕೆಟ್ಟಿತು. ಮದರಾಸಿಗೆ ಹೋದವರು ವಾಪಸ್ ಬರಲಿಲ್ಲ. 1883ರ ಜನವರಿ 20ರಂದು ಅಲ್ಲೇ ತೀರಿಕೊಂಡರು. ದಿವಾನರಾಗಿದ್ದದ್ದು ಎರಡು ವರ್ಷಕ್ಕೂ ಕಡಿಮೆ. ಒಂದು ಇಂಜಿನಿಯರಿಂಗ್ ಡಿಗ್ರಿಯ ಅರ್ಧ ಕಾಲ.

ಅವರ ಜಾಗಕ್ಕೆ ಬಂದವರು ಶೇಷಾದ್ರಿ ಅಯ್ಯರ್. ತುಮಕೂರು ದಾರಿಯ ರೈಲು 1884ರಲ್ಲಿ ಗುಬ್ಬಿ ಮುಟ್ಟಿತು. ಮುಂದಿನ ದೂರಕ್ಕೆ ರಾಜ್ಯದ ದುಡ್ಡು ಸಾಲದೆ, ಶೇಷಾದ್ರಿ ಅಯ್ಯರ್ ಕಟ್ಟಿದ್ದ ಮಾರ್ಗವನ್ನ ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಒಪ್ಪಿಸಿ, ಲಂಡನ್‌ನಲ್ಲಿ ಸಾಲ ಎತ್ತಿ, 1889ರ ಹೊತ್ತಿಗೆ ಹರಿಹರದವರೆಗೆ ಹಳಿ ಹಾಕಿಸಿದರು. ದುಡ್ಡು ಬಂತು, ಆದರೆ ರೈಲು ನಡೆಸೋದು ಎಷ್ಟೋ ವರ್ಷ ಹೊರಗಿನ ಕಂಪನಿಯ ಕೈಗೆ ಹೋಯಿತು. ಮೈಸೂರಿನ ಟೌನ್ ಹಾಲ್‌ಗೆ 1884ರಲ್ಲಿ ಅಡಿಗಲ್ಲು ಹಾಕಿದರು. ಪ್ರಜಾಪ್ರತಿನಿಧಿ ಸಭೆ ಮಾತ್ರ ನಿಲ್ಲಲಿಲ್ಲ, ಸ್ವಾತಂತ್ರ್ಯದ ಕಾಲದವರೆಗೂ ನಡೀತು. ಆಮೇಲೆ ವಿಶ್ವೇಶ್ವರಯ್ಯನವರ ಕಾಲದಲ್ಲಿ ಕೋಲಾರದಂಥ ಜಿಲ್ಲೆಯಲ್ಲಿ ಜಿಲ್ಲಾ ಬೋರ್ಡೇ ರೈಲು ಕಟ್ಟಿಸಿತು. 1916ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಚೇಂಬರ್ ಆಫ್ ಕಾಮರ್ಸ್ ಹುಟ್ಟಿತು, ಇವತ್ತಿನ ಎಫ್‌ಕೆಸಿಸಿಐ ಅದೇ. ಸಭೆಯಲ್ಲಿ ಮೂರು ನಾಲ್ಕು ಜನ ಕೂರುತ್ತಿದ್ದ ವ್ಯಾಪಾರಿಗಳಿಗೆ ತಮ್ಮದೇ ಮನೆ ಸಿಕ್ಕಿತು.

ಹಳಿಯ ಆಚೆ, ಹಳಿಯ ಈಚೆ

ಈಗ ನಮ್ಮ ನಕ್ಷೆ ನೋಡಿ. ಹಳಿ ಇರೋ ಕಡೆ ರಾಮನಗರ, ರೇಷ್ಮೆ ಗೂಡಿನ ದೊಡ್ಡ ಮಾರುಕಟ್ಟೆ. ಚನ್ನಪಟ್ಟಣ, ಬಣ್ಣದ ಗೊಂಬೆಗಳ ಊರು. ಹಳಿ ಇಲ್ಲದ ಕಡೆ ಕೆಂಪೇಗೌಡರ ಮಾಗಡಿ, ಇನ್ನೊಂದು ಕಡೆ ಕನಕಪುರ. ಎರಡೂ ಊರಿಗೆ ಇವತ್ತಿಗೂ ರೈಲಿಲ್ಲ. ಹೆಜ್ಜಾಲದಿಂದ ಕನಕಪುರದ ಮೇಲೆ ಚಾಮರಾಜನಗರಕ್ಕೆ ಮಾರ್ಗ ಮಂಜೂರಾಗಿದ್ದು 1990ರ ದಶಕದಲ್ಲಿ, ನಾವು ಯಾರೂ ಹುಟ್ಟಿರಲಿಲ್ಲ. ನಾವು ಹುಟ್ಟಿ, ಎಸ್‌ಎಸ್‌ಎಲ್‌ಸಿ, ಪಿಯು ಮುಗಿಸಿ ಇಲ್ಲಿಗೆ ಬಂದರೂ ಕನಕಪುರಕ್ಕೆ ರೈಲು ಬಂದಿಲ್ಲ. ಮಾಗಡಿ ರಸ್ತೆಯಲ್ಲಿ ಹೊಸಹಳ್ಳಿಯಿಂದ ಕಡಬಗೆರೆವರೆಗೆ 12.5 ಕಿಲೋಮೀಟರ್ ಮೆಟ್ರೋಗೆ 2024ರ ಆಗಸ್ಟ್‌ನಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿದೆ. ಕಡಬಗೆರೆಯಿಂದ ಮಾಗಡಿಗೆ ಇನ್ನೂ ಬಹಳ ದೂರ ಇದೆ, ಅಲ್ಲಿಂದಾಚೆ ಬಸ್ಸೇ ಗತಿ.

ಬಸ್ಸಿನ ಕಥೆಯೂ ದುಡ್ಡಿನ ಕಥೆಯೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್‌ಗಳಲ್ಲಿ ಟಿಕೆಟ್ ಫ್ರೀ. ನಮ್ಮ ಕ್ಲಾಸಿನ ಎಷ್ಟೋ ಹುಡುಗಿಯರಿಗೆ ಇದರಿಂದ ನಿಜವಾಗಲೂ ಅನುಕೂಲ ಆಗಿದೆ. ಆ ಟಿಕೆಟ್ ದುಡ್ಡನ್ನ ಸರ್ಕಾರ ಸಾರಿಗೆ ನಿಗಮಗಳಿಗೆ ತುಂಬಿಕೊಡಬೇಕು. ಅದು ಸರಿಯಾದ ಸಮಯಕ್ಕೆ ಪೂರ್ತಿಯಾಗಿ ಬಂದರೆ ಡೀಸೆಲ್, ಸಂಬಳ, ಹೊಸ ಬಸ್ ಎಲ್ಲ ನಡೆಯುತ್ತೆ. ತಡವಾದರೆ ಮೊದಲು ನಿಲ್ಲೋದು ಲಾಭ ಕಡಿಮೆ ಇರೋ ಹಳ್ಳಿ ಟ್ರಿಪ್. ಹಳ್ಳಿ ಟ್ರಿಪ್ ನಿಂತರೆ ಸಂತೆಗೆ ಬರೋ ಗಿರಾಕಿ ನಿಲ್ತಾರೆ, ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲ್‌ನವರ ಇಡ್ಲಿ ಉಳಿಯುತ್ತೆ, ಜೆರಾಕ್ಸ್ ಅಂಗಡಿ ಖಾಲಿ ಹೊಡೆಯುತ್ತೆ, ಕೆಲಸಕ್ಕೆ ಬರೋ ಹುಡುಗ ಲೇಟಾಗಿ ಬರ್ತಾನೆ.

ಹಾಗಾದ್ರೆ ಬಸ್ಸು, ರೈಲಿಗೆ ಪ್ರತಿ ವರ್ಷ ತಪ್ಪದೆ ದುಡ್ಡು ಇಡಿ ಅಂತ ಮೊದಲು ಕೇಳಬೇಕಾದವರು ಯಾರು? ಪ್ರಯಾಣಿಕರು ಕೇಳ್ತಾರೆ, ವಿದ್ಯಾರ್ಥಿಗಳು ಕೇಳ್ತಾರೆ. ಅವರ ಜೊತೆ ಅಂಗಡಿಯವರೂ, ಗೂಡು ವ್ಯಾಪಾರದವರೂ, ಗೊಂಬೆ ಮಾಡೋರೂ, ಸಣ್ಣ ಕಾರ್ಖಾನೆಯವರೂ ಕೂತು ಕೇಳಿದರೆ ಆ ಮಾತಿಗೆ ತೂಕ ಬೇರೆ. ಅವರ ಹತ್ತಿರ ಲೆಕ್ಕ ಇರುತ್ತೆ. ಬಸ್ ಬಂದ ದಿನದ ವ್ಯಾಪಾರ ಎಷ್ಟು, ಬಾರದ ದಿನದ್ದು ಎಷ್ಟು ಅಂತ ಅವರು ತೋರಿಸಬಲ್ಲರು. ಅದನ್ನ ಶೀಟಿನಲ್ಲಿ ಹಾಕಿ ಗ್ರಾಫ್ ಮಾಡಿಕೊಡೋ ಕೆಲಸ ನಮ್ಮಂಥವರಿಂದ ಆಗುತ್ತೆ. ಮಿನಿ ಪ್ರಾಜೆಕ್ಟ್‌ಗೆ ಟಾಪಿಕ್ ಹುಡುಕ್ತಾ ಇರೋರು ಇದನ್ನ ಸ್ವಲ್ಪ ಯೋಚಿಸಿ.

ರಂಗಾಚಾರ್ಲು ಇಂಜಿನಿಯರ್ ಆಗಿರಲಿಲ್ಲ. ಅವರು ಹಳಿ ಹಾಕಲಿಲ್ಲ, ಸೇತುವೆ ಡಿಸೈನ್ ಮಾಡಲಿಲ್ಲ. ಕೆಟ್ಟ ವರ್ಷದಲ್ಲೂ ಕೆಲಸ ನಿಲ್ಲದ ಹಾಗೆ ದುಡ್ಡಿನ ದಾರಿ ನೋಡಿದರು, ಆ ದಾರಿ ಕಾಯೋಕೆ ರೈತರನ್ನೂ ವ್ಯಾಪಾರಿಗಳನ್ನೂ ಕರೆದು ಕೂರಿಸಿದರು. ಮುಂದೆ ನಮ್ಮಲ್ಲಿ ಕೆಲವರು ಮೆಟ್ರೋ ಕಟ್ತೀವಿ, ಕೆಲವರು ಇ-ಬಸ್ ಬ್ಯಾಟರಿ ಮಾಡ್ತೀವಿ. ನಮ್ಮ ಡ್ರಾಯಿಂಗ್ ಎಷ್ಟೇ ಚೆನ್ನಾಗಿರಲಿ, ಅದಕ್ಕೆ ಐದನೇ ವರ್ಷ, ಹತ್ತನೇ ವರ್ಷ ದುಡ್ಡು ಎಲ್ಲಿಂದ ಬರುತ್ತೆ, ಆ ದುಡ್ಡು ಬಾರದಿದ್ದರೆ ಎದ್ದು ನಿಂತು ಕೇಳೋರು ಯಾರು ಅನ್ನೋ ಎರಡು ಪ್ರಶ್ನೆಗೂ ಉತ್ತರ ಬರೆದಿಟ್ಟುಕೊಳ್ಳಬೇಕು.